ಮಲೆನಾಡಿನ ಮಂಜಿಗೆ ಜಿಂಜರ್‌ಬ್ರೆಡ್ ಮನೆ ಕುಸಿಯದಿರಲು

ಈ ಬಾರಿ ಕ್ರಿಸ್‌ಮಸ್‌ಗೆ ಗೋದಲಿಯ (ಯೇಸು ಜನನದ ದೃಶ್ಯದ) ಪಕ್ಕದಲ್ಲಿ ಜಿಂಜರ್‌ಬ್ರೆಡ್, ಅಂದರೆ ಶುಂಠಿ ಬಿಸ್ಕತ್ತಿನ ಮನೆಯನ್ನೋ, ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನ ಮಾದರಿಯನ್ನೋ ನಿಲ್ಲಿಸಬೇಕೆಂದಿರುವವರು ಅಲಂಕಾರಕ್ಕಿಂತ ಮೊದಲು ತೇವದ ಬಗ್ಗೆ ಯೋಚಿಸುವುದು ಒಳ್ಳೆಯದು. ನಮ್ಮ ಆಗುಂಬೆಯಂತೆಯೇ ಮಳೆಗೆ ಹೆಸರಾದ ನಾರ್ವೆಯ ಬರ್ಗನ್ ನಗರದಲ್ಲಿ 1991ರಿಂದ ಜಿಂಜರ್‌ಬ್ರೆಡ್ ಪಟ್ಟಣವನ್ನೇ ಕಟ್ಟುತ್ತಾರೆ, ಆದರೆ ಸೂರಿನಡಿ.

ಗೋಡೆಯ ಹಿಟ್ಟಿಗೆ ಅಡುಗೆ ಸೋಡಾ ಬೇಡ, ಉಬ್ಬಿದರೆ ಅಳತೆ ತಪ್ಪುತ್ತದೆ. ಕಾಕಂಬಿಯ ಬದಲು ಜೋನಿ ಬೆಲ್ಲ ರುಚಿಗೇನೋ ಸೊಗಸು, ಆದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ತಿನ್ನುವ ಬಿಸ್ಕತ್ತಿಗಷ್ಟೇ ಇರಲಿ. ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಬೇಯಿಸಿದ ಹಲಗೆಯನ್ನು ಓವನ್ನಿನಿಂದ ತೆಗೆದ ಕೂಡಲೇ, ಅದು ಇನ್ನೂ ಮೆತ್ತಗಿರುವಾಗ, ರಟ್ಟಿನ ಅಚ್ಚನ್ನು ಮೇಲಿಟ್ಟು ಅಂಚುಗಳನ್ನು ಮತ್ತೊಮ್ಮೆ ನೇರವಾಗಿ ಕತ್ತರಿಸಿದರೆ ಮೂಲೆಗಳು ಬಿರುಕಿಲ್ಲದೆ ಕೂಡುತ್ತವೆ.

ಅಂಟಿಗೆ ಮೊಟ್ಟೆಯ ಬಿಳಿಭಾಗ ಮತ್ತು ಐಸಿಂಗ್ ಸಕ್ಕರೆ ಸಾಕು. ಚಮಚ ಎತ್ತಿದಾಗ ಈ ಐಸಿಂಗಿನ ತುದಿ ಬಾಗದೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು. ಗೋಡೆಗಳು ಒಂದು ರಾತ್ರಿ ಒಣಗಿದ ಬಳಿಕವೇ ಮಾಡು ಕೂರಿಸಿ. ನಮ್ಮ ಹಂಚಿನ ಮನೆಗಳ ಕಡಿದಾದ ಇಳಿಜಾರು ನೋಡಲು ಚೆಂದವಾದರೂ ಹಸಿ ಐಸಿಂಗಿನ ಮೇಲೆ ಜಾರುವುದರಿಂದ, ಸೂರಿನಂಚಿಗೆ ಸಣ್ಣ ಡಬ್ಬಿಗಳನ್ನು ಆನಿಸಿಡಿ.

ಕರಗಿಸಿದ ಮಿಠಾಯಿಯ ಕಿಟಕಿಗಳು ಡಿಸೆಂಬರಿನ ಮಂಜಿಗೆ ಬೆವರುತ್ತವೆ. ಆದ್ದರಿಂದ ಸಂಜೆಯೇ ಕೋಣೆಯ ಕಿಟಕಿ ಮುಚ್ಚಿ, ಮಾದರಿಯ ಮೇಲೆ ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಮಗುಚಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಇರುವೆಗಳಿಗಾಗಿ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲುಗಳಲ್ಲಿ ನಿಲ್ಲಿಸಿ, ಮೇಜು ಗೋಡೆಗೆ ತಾಗದಂತೆ ನೋಡಿಕೊಳ್ಳಿ.