ಡೀನ್ ಕುರ್ಚಿಯಲ್ಲಿ ಮೊದಲ ವರ್ಷ: ಬಿ.ಎಸ್ಸಿ. ಪ್ರಾಕ್ಟಿಕಲ್ ಬದಲಿಸುವ ಬಗೆ

ಮುಂಬಯಿಯ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಡೀನ್ ಆಗಿದ್ದೀರಿ ಎಂದಿಟ್ಟುಕೊಳ್ಳಿ. ಕಪಾಟಿನಲ್ಲಿರುವ ಎಫ್‌ವೈ (ಮೊದಲ ವರ್ಷದ) ಜರ್ನಲುಗಳ, ಅಂದರೆ ಪ್ರಯೋಗ ಬರೆದಿಡುವ ಪುಸ್ತಕಗಳ, ರಾಶಿಯಿಂದ ಹತ್ತನ್ನು ಎಳೆದು ಲೋಲಕದ ಪುಟ ತೆರೆಯಿರಿ. ಗುರುತ್ವ ವೇಗೋತ್ಕರ್ಷ, ಅಂದರೆ ‘ಜಿ’, ಎಷ್ಟು ಜನರಿಗೆ 9.81 ಬಂದಿದೆ ಎಣಿಸಿ. ಮುಂಬಯಿಯಲ್ಲಿ ಅದು ಸುಮಾರು 9.79. ಆ 9.81 ನಲವತ್ತೈದು ಡಿಗ್ರಿ ಅಕ್ಷಾಂಶದ ಆಚೀಚಿನ ಸಂಖ್ಯೆ. ಒಬ್ಬರಿಗೆ ಬಂದರೆ ಅಳತೆಯ ತಪ್ಪು ಎನ್ನಬಹುದು, ಹತ್ತರಲ್ಲಿ ಎಂಟು ಮಂದಿಗೆ ಬಂದರೆ ಅದು ಪುಸ್ತಕದಿಂದ ಇಳಿದದ್ದು. ಮಕ್ಕಳನ್ನು ಬಯ್ದು ಫಲವಿಲ್ಲ. ಅಂಕ ಬೀಳುವುದು ಉತ್ತರಕ್ಕೆ, ಆದ್ದರಿಂದ ಉತ್ತರ ತಂದಿದ್ದಾರೆ. ಸಿಲಬಸ್ಸಿಗೆ ಆಮೇಲೆ ಕೈಹಾಕಿ, ಮೊದಲು ಅಂಕಕ್ಕೆ ಹಾಕಿ.

ಕೈಯಲ್ಲಿ ಎಷ್ಟು ಅಧಿಕಾರವಿದೆ

ಕಾಲೇಜು ಸ್ವಾಯತ್ತವಾಗಿದ್ದರೆ ಬೋರ್ಡ್ ಆಫ್ ಸ್ಟಡೀಸ್‌ನಲ್ಲಿ (ವಿಷಯವಾರು ಪಠ್ಯಕ್ರಮ ಸಮಿತಿ) ಪಾಸಾಗಿ ಅಕಾಡೆಮಿಕ್ ಕೌನ್ಸಿಲ್ ಒಪ್ಪಿದರೆ ಪ್ರಯೋಗಗಳ ಪಟ್ಟಿಯನ್ನೇ ಬದಲಿಸಬಹುದು. ವಿಶ್ವವಿದ್ಯಾಲಯಕ್ಕೆ ಸಂಯೋಜಿತ ಕಾಲೇಜಾದರೆ ಪಟ್ಟಿ ಮುಟ್ಟುವಂತಿಲ್ಲ. ಆದರೆ ಆಂತರಿಕ ಅಂಕ ನಿಮ್ಮದು, ಪ್ರಯೋಗ ಮಾಡಿಸುವ ರೀತಿಯೂ ನಿಮ್ಮದು. ಶುರು ಮಾಡಲು ಅಷ್ಟು ಸಾಕು.

ಒಂದೇ ಪೇಪರ್, ಒಂದೇ ಸೆಮಿಸ್ಟರ್, ಮನಸ್ಸಿದ್ದ ಇಬ್ಬರು ಅಧ್ಯಾಪಕರು. ‘ಇಡೀ ವಿಭಾಗವನ್ನೇ ಬದಲಿಸೋಣ’ ಎಂದು ಹೊರಟರೆ ದೀಪಾವಳಿ ರಜೆಯ ಹೊತ್ತಿಗೆ ಎಲ್ಲರೂ ಹಳೆಯ ಜರ್ನಲಿಗೆ ಮರಳಿರುತ್ತಾರೆ. ಪ್ರಾಕ್ಟಿಕಲ್ಲಿನ ಒಂದು ಕ್ರೆಡಿಟ್ ಎಂದರೆ 30 ಗಂಟೆ. ಎರಡು ಕ್ರೆಡಿಟ್ಟಿಗೆ ಹದಿನೈದು ವಾರ, ವಾರಕ್ಕೆ ನಾಲ್ಕು ಗಂಟೆ. ಇಷ್ಟರಲ್ಲಿ ಹತ್ತು ಪ್ರಯೋಗ ಓಡಿಸುವುದಕ್ಕಿಂತ ಐದನ್ನು ಎರಡೆರಡು ವಾರ ಮಾಡಿಸುವುದು ಲೇಸು. ಸಂಯೋಜಿತ ಕಾಲೇಜಾದರೆ ನಿಗದಿತ ಪಟ್ಟಿ ಮುಗಿಯಲೇಬೇಕು, ಅಲ್ಲಿ ಒಂದೆರಡನ್ನು ಮಾತ್ರ ಹೀಗೆ ಬಿಡಿಸಿಕೊಳ್ಳಿ.

ಲೋಲಕವನ್ನೇ ತೆಗೆದುಕೊಳ್ಳಿ

ಹೊಸ ಉಪಕರಣ ಬೇಕಿಲ್ಲ. ಒಂದು ಮೀಟರ್ ದಾರ, ಸಣ್ಣ ಲೋಹದ ಗುಂಡು, ಸೀಳಿದ ಕಾರ್ಕ್, ದೊಡ್ಡ ಕೋನಮಾಪಕ, ಮೊಬೈಲಿನ ಸ್ಟಾಪ್‌ವಾಚ್. ‘ಜಿ ಕಂಡುಹಿಡಿಯಿರಿ’ ಎಂಬ ಶೀರ್ಷಿಕೆ ಅಳಿಸಿ ಬೋರ್ಡಿನ ಮೇಲೆ ಹೀಗೆ ಬರೆಯಿಸಿ: ‘10 ಡಿಗ್ರಿಯಿಂದ ಬಿಟ್ಟಾಗಲೂ 20 ಡಿಗ್ರಿಯಿಂದ ಬಿಟ್ಟಾಗಲೂ ಆವರ್ತ ಕಾಲ ಒಂದೇನಾ?’

ಆವರ್ತ ಕಾಲ ಎಂದರೆ ಗುಂಡು ಒಮ್ಮೆ ಹೋಗಿ ಬರಲು, ಅಂದರೆ ಒಂದು ಆಂದೋಲನಕ್ಕೆ, ಹಿಡಿಯುವ ಸಮಯ. ಮೊದಲ ವಾರ ಎರಡೂ ಕೋನಕ್ಕೆ 20 ಆಂದೋಲನ, ಒಂದೊಂದೇ ರೀಡಿಂಗ್. ಎರಡೂ ಸುಮಾರು 40 ಸೆಕೆಂಡ್. ಸಿದ್ಧಾಂತದ ಪ್ರಕಾರ ವ್ಯತ್ಯಾಸ 0.23 ಸೆಕೆಂಡ್. ಆಂದೋಲನ ತಗ್ಗುತ್ತ ಹೋಗುವುದರಿಂದ ಸಿಗುವುದು ಇನ್ನೂ ಸ್ವಲ್ಪ ಕಮ್ಮಿ. ಸ್ಟಾಪ್‌ವಾಚ್ ಒತ್ತುವ ಹೆಬ್ಬೆರಳಿನ ತಪ್ಪೇ 0.1ರಿಂದ 0.2 ಸೆಕೆಂಡ್. ಹಾಗಾಗಿ ‘ಒಂದೇ ಸರ್, ಪುಸ್ತಕದಲ್ಲೂ ಹಾಗೇ ಇದೆ’ ಎಂಬ ಉತ್ತರ ಬರುತ್ತದೆ. ಬರಲಿ. ಆಗ ಅಧ್ಯಾಪಕರು ಕೇಳಬೇಕಾದ್ದು ಒಂದೇ: ‘ವ್ಯತ್ಯಾಸ ಇದ್ದಿದ್ದರೆ ಈ ಅಳತೆಯಲ್ಲಿ ಕಾಣುತ್ತಿತ್ತಾ?’

ಎರಡನೆಯ ವಾರ ಪ್ರತಿ ಕೋನಕ್ಕೆ ಹತ್ತು ಸಲ. ಸರಾಸರಿಯ ಅನಿಶ್ಚಿತತೆ (ಅಳತೆ ಎಷ್ಟು ಆಚೀಚೆ ಆಗಬಹುದು ಎಂಬುದು) ಹತ್ತರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟಿಗೂ ಮಿಕ್ಕಿ ಇಳಿಯುತ್ತದೆ. ವ್ಯತ್ಯಾಸ ತಲೆ ಎತ್ತುತ್ತದೆ. ಹೆಚ್ಚಿನ ಗುಂಪುಗಳು ತಮ್ಮದೇ ತಪ್ಪು ಎಂದುಕೊಂಡು ದಾರ, ಕಾರ್ಕ್, ಫ್ಯಾನ್ ಎಲ್ಲವನ್ನೂ ತಡಕಾಡುತ್ತವೆ. ಈ ಹಂತದಲ್ಲಿ ಅಧ್ಯಾಪಕರು ಬಾಯಿಬಿಟ್ಟು ‘ಸಣ್ಣ ಕೋನಕ್ಕೆ ಮಾತ್ರ ಪುಸ್ತಕದ ಆ ಸೂತ್ರ’ ಎಂದುಬಿಟ್ಟರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಸುಮ್ಮನಿರುವುದನ್ನು ಕಲಿಸುವುದಕ್ಕೇ ಅಧ್ಯಾಪಕರಿಗೆ ಮೊದಲೊಂದು ದಿನ ಈ ಪ್ರಯೋಗ ಮಾಡಿಸಿರಬೇಕು.

ಕೆಡುವುದು ಎಲ್ಲಿ

ಎಣಿಕೆಯಲ್ಲಿ. ಗುಂಡು ಬಿಟ್ಟ ಕ್ಷಣವೇ ‘ಒಂದು’ ಎಂದರೆ 19 ಆಂದೋಲನವನ್ನೇ 20 ಎಂದು ಬರೆದಂತೆ. ಆವರ್ತ ಕಾಲದಿಂದ ಲೆಕ್ಕ ಹಾಕಿದ ಜಿ 10.8ರ ಹತ್ತಿರ ಬಂದ ಗುಂಪಿಗೆ ಮತ್ತೆ ‘ಸೊನ್ನೆ’ಯಿಂದ ಎಣಿಸಿ ಎನ್ನಿ. ಎಣಿಕೆ ಗುಂಡು ಅತಿ ಕೆಳಗೆ ಹಾಯುವಾಗ ಆಗಲಿ. ತುದಿಯಲ್ಲಿ ಅದು ನಿಧಾನವಾಗುವುದರಿಂದ ತಿರುಗಿದ ಗಳಿಗೆ ಹಿಡಿಯುವುದು ಕಷ್ಟ. ಉದ್ದ ಅಳೆಯಬೇಕಾದ್ದು ಗುಂಡಿನ ನಡುವಿನವರೆಗೆ. ಒಂದು ಸೆಂಟಿಮೀಟರ್ ತ್ರಿಜ್ಯ ಬಿಟ್ಟರೆ ಅಲ್ಲೇ ಶೇಕಡಾ ಒಂದು ಹೋಯಿತು. ಫ್ಯಾನ್ ಆಫ್ ಮಾಡಿಸಿ, ಅಕ್ಟೋಬರ್ ಸೆಕೆಯಲ್ಲಿ ಗೊಣಗಿದರೂ ಸರಿಯೇ.

ಮಳೆಗಾಲದ ಲೆಕ್ಕ ಬೇರೆ. ಸ್ಥಿರವಿದ್ಯುತ್ತಿನ ಪ್ರಯೋಗಗಳನ್ನು ಜುಲೈಯಲ್ಲಿ ಇಟ್ಟರೆ ತೇವಕ್ಕೆ ಚಾರ್ಜ್ ಸೋರಿಹೋಗುತ್ತದೆ, ಅವು ಡಿಸೆಂಬರಿಗೆ ಇರಲಿ. ಹಳಿ ಮೇಲೆ ನೀರು ನಿಂತು ಲೋಕಲ್ ನಿಂತ ದಿನ ವಿರಾರ್, ಡೊಂಬಿವ್ಲಿ ಕಡೆಯ ಬ್ಯಾಚೇ ಇರುವುದಿಲ್ಲ. ವೇಳಾಪಟ್ಟಿಯಲ್ಲಿ ಒಂದು ವಾರ ಖಾಲಿ ಬಿಡಿ.

ಎಲ್ಲಕ್ಕಿಂತ ಹೆಚ್ಚಾಗಿ ಕೆಡುವುದು ಲ್ಯಾಬ್ ಅಸಿಸ್ಟೆಂಟರನ್ನು ಮರೆತಾಗ. ‘ಬೇಕಾದ್ದು ತೆಗೆದುಕೊಂಡು ಮಾಡಿ’ ಎಂಬ ಲ್ಯಾಬಿನಲ್ಲಿ ಸಾಮಾನು ಒಪ್ಪಿಸುವವರು, ಮುರಿದದ್ದಕ್ಕೆ ಉತ್ತರ ಹೇಳುವವರು ಅವರೇ. ಎಲ್ಲರೂ ‘ಮಾಮಾ’ ಎಂದು ಕರೆಯುವ ಆ ಹಿರಿಯರನ್ನು ಮೊದಲ ಸಭೆಗೇ ಕೂರಿಸಿಕೊಳ್ಳಿ. ಯಾವ ಸ್ಟ್ಯಾಂಡ್ ಅಲ್ಲಾಡುತ್ತದೆ ಎಂದು ಪ್ರೊಫೆಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಸಣ್ಣಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗಕ್ಕೆ ಲ್ಯಾಮಿಂಗ್ಟನ್ ರೋಡಿಗೆ ಅವರನ್ನೇ ಕಳಿಸಿ.

ಅಂಕ, ಭಾಷೆ

50 ಅಂಕವಿದ್ದರೆ ಯೋಜನೆಗೆ 10, ರೀಡಿಂಗ್ ಮತ್ತು ಅನಿಶ್ಚಿತತೆಗೆ 15, ತೀರ್ಮಾನವನ್ನು ಸಮರ್ಥಿಸಿದ್ದಕ್ಕೆ 15, ವೈವಾಕ್ಕೆ (ಮೌಖಿಕ ಪರೀಕ್ಷೆ) 10. ‘ಸರಿಯಾದ’ ಉತ್ತರಕ್ಕೆ ಸೊನ್ನೆ. ಹೊಡೆದು ಬರೆದ ರೀಡಿಂಗಿಗೆ ಅಂಕ ಕಡಿಯಬೇಡಿ, ಅಳಿಸಿ ಬರೆದದ್ದಕ್ಕೆ ಕಡಿಯಿರಿ.

ಗುಂಪಿನ ಮಾತು ಮರಾಠಿಯೋ ಹಿಂದಿಯೋ ಕನ್ನಡವೋ ಇರಲಿ, ಬರೆಯುವುದಷ್ಟೇ ಇಂಗ್ಲಿಷ್. ಪಾಲಿಕೆಯ ಕನ್ನಡ ಶಾಲೆಯಿಂದ ಬಂದವರಿಗೆ ‘ಅನ್‌ಸರ್ಟನ್ಟಿ’ ಎಂದರೆ ಗಂಟಲು ಕಟ್ಟುತ್ತದೆ, ‘ಅನಿಶ್ಚಿತತೆ’ ಎಂದರೂ ಅಷ್ಟೇ. ‘ಹತ್ತು ಸಲ ಅಳೆದರೆ ಎಷ್ಟು ಆಚೀಚೆ ಆಗುತ್ತೆ?’ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ.

ಬದಲಾವಣೆ ಆಯಿತೆಂದು ತೋರಿಸುವುದು

ಸೆಮಿಸ್ಟರಿನ ಮೊದಲ ವಾರ ಮತ್ತು ಕೊನೆಯ ವಾರ ಅದೇ ಪರಿಕಲ್ಪನಾ ಪ್ರಶ್ನೆಪತ್ರಿಕೆ ಕೊಡಿ. ಯಂತ್ರಶಾಸ್ತ್ರಕ್ಕೆ 1992ರಿಂದ ಬಳಕೆಯಲ್ಲಿರುವ ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ ಎಂಬ ಸಿದ್ಧ ಪ್ರಶ್ನೆಪತ್ರಿಕೆ ಇದೆ. ಗಳಿಕೆಯನ್ನು ಗಳಿಸಲು ಉಳಿದಿದ್ದ ಅಂಕದಿಂದ ಭಾಗಿಸಿ: ಶೇ. 40 ಇದ್ದದ್ದು 61 ಆದರೆ 21 ಭಾಗಿಸು 60, ಅಂದರೆ 0.35. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಹೇಕ್ 1998ರಲ್ಲಿ ಸುಮಾರು 6000 ವಿದ್ಯಾರ್ಥಿಗಳ ಅಂಕ ಕೂಡಿಸಿ ನೋಡಿದಾಗ ಬರೀ ಪಾಠ ಕೇಳಿದ ತರಗತಿಗಳ ಸರಾಸರಿ 0.23, ಚರ್ಚೆ ಪ್ರಯೋಗದಲ್ಲಿ ತೊಡಗಿದ ತರಗತಿಗಳದ್ದು 0.48. ಈ ಪ್ರಶ್ನೆಪತ್ರಿಕೆಯ ಅಂಕವನ್ನು ಜರ್ನಲಿನ ಅಂಕಕ್ಕೆ ಸೇರಿಸಬೇಡಿ. ಸೇರಿಸಿದ ದಿನವೇ ಪ್ರಶ್ನೆಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ.

ಒಂಟಿಯಾಗಿ ಮಾಡಬೇಕಿಲ್ಲ. ಹಾರ್ಬರ್ ಲೈನಿನ ಮಾನ್‌ಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಪದವಿ ವಿಜ್ಞಾನಕ್ಕೆಂದೇ 2004ರಲ್ಲಿ ಅದು ‘ನಿಯಸ್’ ಕಾರ್ಯಕ್ರಮ ಶುರುಮಾಡಿತು. ನಿಮ್ಮ ಇಬ್ಬರು ಅಧ್ಯಾಪಕರನ್ನು ಅಲ್ಲಿನ ಲ್ಯಾಬ್ ನೋಡಲು ಕಳಿಸಿ.

ನೀವೂ ವಾರಕ್ಕೊಂದು ಬ್ಯಾಚ್ ಇಟ್ಟುಕೊಳ್ಳಿ. ಬ್ಯಾಚ್ ಬಿಟ್ಟ ಡೀನಿನ ಮಾತನ್ನು ಸ್ಟಾಫ್ ರೂಮು ಎರಡನೆಯ ವರ್ಷ ಕೇಳುವುದಿಲ್ಲ. ಹುದ್ದೆ ಮೂರ್ನಾಲ್ಕು ವರ್ಷಕ್ಕೆ ಕೈ ಬದಲಾಗುವುದರಿಂದ ಅಂಕದ ಹಂಚಿಕೆಯನ್ನು ಸಭೆಯ ನಡಾವಳಿಯಲ್ಲೇ ಬರೆಸಿ. ಫೈಲಿನಲ್ಲಿ ಪ್ರಶ್ನೆಯ ಹಾಳೆ, ಮೌಲ್ಯಮಾಪನ ಮಾಡಿದ ಮೂರು ಜರ್ನಲಿನ ಜೆರಾಕ್ಸ್ (ಒಂದು ಒಳ್ಳೆಯದು, ಒಂದು ಸಾಧಾರಣ, ಒಂದು ಕೆಟ್ಟದ್ದು), ಮತ್ತು ಮಾಮಾ ಕೈಬರಹದ ಸಾಮಾನಿನ ಪಟ್ಟಿ ಇರಲಿ.