ಕಾಲು ಕೆಜಿ ಪುಡಿ, ಎರಡು ಸಣ್ಣ ಡಬ್ಬಿ

ನಮ್ಮ ಮನೆಗೆ ಕಾಫಿ ಪುಡಿ ಒಂದು ಸಲಕ್ಕೆ ಕಾಲು ಕೆಜಿಗಿಂತ ಜಾಸ್ತಿ ಬರುವುದಿಲ್ಲ. "ಒಂದು ಕೆಜಿ ತಂದಿಟ್ಟರೆ ತಿಂಗಳೆಲ್ಲ ಚಿಂತೆ ಇರಲ್ಲ ಅಲ್ವಾ?" ಎಂದು ಕೇಳುವವರಿದ್ದಾರೆ. ಚಿಂತೆ ಇರಲ್ಲ, ನಿಜ. ಆದರೆ ಮೂರನೇ ವಾರದ ಹೊತ್ತಿಗೆ ಡಬ್ಬಿಯಲ್ಲಿ ಕಾಫಿಯೂ ಇರಲ್ಲ. ಬಣ್ಣ ಮತ್ತು ಕಹಿ, ಎರಡೇ ಉಳಿದಿರುತ್ತವೆ.

ಲೆಕ್ಕ ಸುಲಭ. ಮನೆಯಲ್ಲಿ ಕಾಫಿ ಕುಡಿಯುವವರು ನಾವಿಬ್ಬರೇ. ದಿನಕ್ಕೆ ಫಿಲ್ಟರಿಗೆ ಬೀಳುವ ಪುಡಿ ಸುಮಾರು 25 ಗ್ರಾಂ. ಅಂದರೆ 250 ಗ್ರಾಂ ಹತ್ತು ದಿನಕ್ಕೆ ಖಾಲಿ. ನೆಂಟರು ಬಂದರೆ ಇನ್ನೂ ಬೇಗ. ನಿಮ್ಮ ಮನೆಯಲ್ಲಿ ಆರು ಜನ ಕುಡಿಯುವವರಿದ್ದರೆ ಅರ್ಧ ಕೆಜಿ ತನ್ನಿ, ತೊಂದರೆಯಿಲ್ಲ. ಹತ್ತು ದಿನದಲ್ಲಿ ಮುಗಿಯಬೇಕು, ಅಷ್ಟೇ.

ಕಾಫಿ ಪುಡಿ ಹಾಲಿನಂತೆ ಕೆಡುವುದಿಲ್ಲ. ಹೀಗಾಗಿ ಅದು ಹಾಳಾಗಿದೆ ಎಂಬುದೇ ತುಂಬಾ ಜನಕ್ಕೆ ಗೊತ್ತಾಗುವುದಿಲ್ಲ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಬೀಜ ಇಡಿಯಾಗಿದ್ದರೆ ಅದು ದಿನಗಟ್ಟಲೆ, ವಾರಗಟ್ಟಲೆ ನಿಧಾನವಾಗಿ ಹೊರಗೆ ಬರುತ್ತಿರುತ್ತದೆ. ಪುಡಿ ಮಾಡಿದರೆ ಅದರ ದೊಡ್ಡ ಪಾಲು ಸ್ವಲ್ಪ ಹೊತ್ತಿನಲ್ಲೇ ಹಾರಿಹೋಗುತ್ತದೆ, ಜೊತೆಗೆ ಪರಿಮಳವನ್ನೂ ಒಯ್ಯುತ್ತದೆ. ಗ್ರೈಂಡರ್ ಇರುವ ಕಾಫಿ ಅಂಗಡಿ ಮುಂದೆ ಹೋಗುವಾಗ ಮೂಗಿಗೆ ಬಡಿಯುವ ಘಮ ಇದೆಯಲ್ಲ, ಅದು ಯಾರದೋ ಮನೆಯ ಲೋಟ ಸೇರಬೇಕಾಗಿದ್ದ ಘಮ! ಆಮೇಲೆ ಉಳಿದ ಪುಡಿಯ ಮೇಲೆ ಗಾಳಿ ಕೆಲಸ ಶುರು ಮಾಡುತ್ತದೆ. ಬೀಜದಲ್ಲಿರುವ ಎಣ್ಣೆ ಅಂಶ ಗಾಳಿಯ ಆಮ್ಲಜನಕ ತಾಗಿ ಕಮಟಾಗುತ್ತಾ ಹೋಗುತ್ತದೆ. ಕಪ್ಪಗೆ ಹುರಿದ ಬೀಜದಲ್ಲಿ ಎಣ್ಣೆ ಮೇಲಕ್ಕೇ ಬಂದು ಮಿಂಚುತ್ತಿರುತ್ತದೆ. ಅದು ಇನ್ನೂ ಬೇಗ ಹೋಗುತ್ತದೆ.

ಹಾಗಾಗಿ ನನ್ನ ಕೆಲಸ ಅಂಗಡಿಯಿಂದಲೇ ಶುರು. ನಾನು ತರುವುದು ಪೀಬರಿ (ಹಣ್ಣಿನೊಳಗೆ ಎರಡರ ಬದಲು ಒಂದೇ ಆಗಿ ಬೆಳೆದ ಗುಂಡು ಬೀಜ) ಅರ್ಧ, ಪ್ಲಾಂಟೇಶನ್ ಎ (ದೊಡ್ಡ ಗಾತ್ರದ ಬೀಜದ ದರ್ಜೆ) ಅರ್ಧ. ಬೀಜ ಯಾವತ್ತು ಹುರಿದಿದ್ದು ಎಂದು ಕೇಳುತ್ತೇನೆ. ನಿನ್ನೆ ಮೊನ್ನೆ ಹುರಿದಿದ್ದು ಎಂದರೆ ಖುಷಿ. ಉತ್ತರ ಕೊಡದೆ ನನ್ನ ಮುಖವನ್ನೇ ನೋಡಿದರೆ ಅಂಗಡಿ ಬದಲಾಯಿಸಬೇಕು. ಎದುರಿಗೇ ಪುಡಿ ಮಾಡಿಸುತ್ತೇನೆ. ಗ್ರೈಂಡರಿನೊಳಗೆ ಹಿಂದಿನ ಗಿರಾಕಿಯ ಪುಡಿ ಒಂದಿಷ್ಟು ಉಳಿದಿರುತ್ತದೆ. ಅವರದ್ದು ಅಗ್ಗದ ರೋಬಸ್ಟಾ ಜಾತಿಯ ಬೀಜ ಆಗಿದ್ದರೆ ಅದೂ ನನ್ನ ಪೊಟ್ಟಣಕ್ಕೆ ಬಂದು ಬೀಳುತ್ತದೆ. ಜನ ಕಡಿಮೆ ಇರುವಾಗ ಹೋದರೆ ನನ್ನದೇ ಒಂದು ಹಿಡಿ ಬೀಜ ಮೊದಲು ಓಡಿಸಿ, ಆ ಪುಡಿ ತೆಗೆದಿಡಿ ಎನ್ನುತ್ತೇನೆ. ಅಂಗಡಿಯವರು ಗೊಣಗಿದರೂ ಮಾಡಿಕೊಡುತ್ತಾರೆ.

ಚಿಕೋರಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮಗೆ ನೂರಕ್ಕೆ 15ರಷ್ಟು ಸಾಕು. ಕಾನೂನು 49ರವರೆಗೂ ಬಿಡುತ್ತದೆ. ಪೊಟ್ಟಣದ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಹಾಕಲೇಬೇಕು, ಓದಿ ನೋಡಿ. ಚಿಕೋರಿ ಅಂದರೆ ಅದೇ ಹೆಸರಿನ ಗಿಡದ ಹುರಿದ ಬೇರು. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವುದು ಗುಜರಾತ್, ಉತ್ತರ ಪ್ರದೇಶದಲ್ಲಿ. ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಕೊಡುತ್ತದೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅದು ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ, ತಾನು ಗಂಟು ಕಟ್ಟಿ ಕಾಫಿ ಪುಡಿಯನ್ನೂ ಗಂಟು ಕಟ್ಟಿಸುತ್ತದೆ. ಅದಕ್ಕೇ ಚಿಕೋರಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬರುತ್ತೇನೆ. ಫಿಲ್ಟರಿಗೆ ಪುಡಿ ಹಾಕುವಾಗ ಆರು ಚಮಚ ಕಾಫಿಗೆ ಒಂದು ಚಮಚ ಬೆರೆಸಿದರೆ ಆಯಿತು. ಮಳೆಗಾಲದಲ್ಲಿ ಇದರ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಪುಡಿ ಬೆರಳ ಸಂದಿಯಲ್ಲಿ ಉದುರುತ್ತದೆ, ಅಂಟುವುದಿಲ್ಲ.

ಮನೆಗೆ ಬಂದ ಮೇಲೆ ಎರಡು ಸಣ್ಣ ಸ್ಟೀಲ್ ಡಬ್ಬಿ. ಒಂದೊಂದರಲ್ಲಿ 125 ಗ್ರಾಂ ಕುತ್ತಿಗೆವರೆಗೂ ತುಂಬಬೇಕು, ಅಷ್ಟೇ ದೊಡ್ಡದು ಸಾಕು. ಒಂದನ್ನು ದಿನಾ ತೆಗೆಯುತ್ತೇವೆ. ಇನ್ನೊಂದನ್ನು ಮೊದಲನೆಯದು ಮುಗಿಯುವ ತನಕ ಮುಟ್ಟುವುದಿಲ್ಲ. ದೊಡ್ಡ ಡಬ್ಬಿಯ ತಳದಲ್ಲಿ ನಾಲ್ಕು ಚಮಚ ಪುಡಿ ಇದ್ದರೆ ಉಳಿದ ಜಾಗವೆಲ್ಲ ಗಾಳಿಯೇ. ಮುಚ್ಚಳ ಎಷ್ಟು ಬಿಗಿಯಾಗಿದ್ದರೂ ಏನು ಬಂತು? ಅಮ್ಮನ ಕಾಲದ ಡಬ್ಬಿಗಳ ಮೇಲೆ ನನಗೂ ಪ್ರೀತಿಯಿದೆ, ಆದರೆ ಅವುಗಳ ಮುಚ್ಚಳ ಸವೆದಿರುತ್ತದೆ. ನೀರು ತುಂಬಿಸಿ, ಮುಚ್ಚಿ, ಸಿಂಕಿನ ಮೇಲೆ ತಲೆಕೆಳಗು ಹಿಡಿಯಿರಿ. ಹನಿ ಜಿನುಗಿದರೆ ಅದರಲ್ಲಿ ರವೆ ಹಾಕಿಡಿ, ಕಾಫಿ ಬೇಡ. ಗಾಜಿನ ಬಾಟಲಿ ನೋಡಲು ಚಂದ, ಆದರೆ ಬೆಳಕು ಬೀಳುತ್ತದೆ. ಕಪಾಟಿನೊಳಗೆ ಕತ್ತಲಲ್ಲಿ ಇಡುವುದಾದರೆ ಸರಿ.

ಇಡುವ ಜಾಗವೂ ಮುಖ್ಯ. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಕಾಫಿ ಡಬ್ಬಿ ಒಲೆಯ ಮೇಲಿನ ಶೆಲ್ಫಿನಲ್ಲೇ ಇರುತ್ತದೆ, ಕೈಗೆ ಸಿಗಲಿ ಅಂತ. ಕುಕ್ಕರಿನ ಹಬೆಯೆಲ್ಲ ಅಲ್ಲಿಗೇ ಹೋಗುತ್ತದೆ. ಪಕ್ಕದಲ್ಲೇ ಇಂಗು, ಸಾರಿನ ಪುಡಿ. ಕಾಫಿ ಪುಡಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಾನು ಒಲೆಯಿಂದ ದೂರದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಚಮಚ ಒಣಗಿರಬೇಕು, ಅದನ್ನು ಡಬ್ಬಿಯೊಳಗೇ ಬಿಡಬಾರದು. ಡಬ್ಬಿ ಖಾಲಿಯಾದಾಗ ತೊಳೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಹೊಸ ಪುಡಿ. ಹಳೆಯದರ ಮೇಲೆ ಹೊಸದನ್ನು ಸುರಿಯುತ್ತಾ ಹೋದರೆ ತಳದ ಕಮಟು ವಾಸನೆ ಯಾವತ್ತೂ ಹೋಗುವುದಿಲ್ಲ.

ಅಕ್ಕ ಉಡುಪಿಯಲ್ಲಿದ್ದಾಳೆ. ಅವಳಿಗೆ ನಮ್ಮ ಬೆಂಗಳೂರಿನ ಲೆಕ್ಕ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಉಪ್ಪೂ ನೀರಾಗುತ್ತದೆ. ಅವಳು ಒಂದು ವಾರಕ್ಕಾಗುವಷ್ಟೇ ತರುತ್ತಾಳೆ. ಪೊಟ್ಟಣದ ಗಾಳಿ ಒತ್ತಿ ತೆಗೆದು, ಬಾಯಿ ಮಡಚಿ, ಕ್ಲಿಪ್ ಹಾಕಿ, ಪೊಟ್ಟಣವನ್ನೇ ಡಬ್ಬಿಯೊಳಗೆ ಇಡುತ್ತಾಳೆ. "ಇದೇ ಗಾಳಿಗೆ ಕಾಫಿ ಬೀಜ ಹರವಿ ಮಾನ್ಸೂನ್ಡ್ ಮಲಬಾರ್ ಅಂತ ಫಾರಿನ್ನಿಗೆ ಮಾರುತ್ತಾರಲ್ಲ, ನನ್ನ ಪುಡಿ ಮಾತ್ರ ಯಾಕೆ ಕೆಡಬೇಕು?" ಎಂದು ಒಮ್ಮೆ ರೇಗಿದಳು. ಪ್ರಶ್ನೆ ಸರಿಯಾಗಿಯೇ ಇದೆ. ಮಂಗಳೂರು ಕಡೆಯ ಗೋದಾಮುಗಳಲ್ಲಿ ಮಳೆಗಾಳಿಗೆ ಒಡ್ಡುವುದು ಹುರಿಯದ ಹಸಿ ಬೀಜವನ್ನು. ಅದು ಊದಿಕೊಂಡು, ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಹಾಯಿ ಹಡಗಿನ ಕಾಲದಲ್ಲಿ ಯುರೋಪಿಗೆ ಹೋಗುವ ಬೀಜ ತಿಂಗಳುಗಟ್ಟಲೆ ಸಮುದ್ರದ ಗಾಳಿ ಕುಡಿದು ಹೀಗೆ ಆಗುತ್ತಿತ್ತಂತೆ. ಆ ರುಚಿಗೆ ಒಗ್ಗಿದವರಿಗಾಗಿ ಆಮೇಲೆ ಇಲ್ಲೇ ಹಾಗೆ ಮಾಡಲು ಶುರು ಮಾಡಿದರು. ಹುರಿದು ಪುಡಿ ಮಾಡಿದ್ದಕ್ಕೆ ಅದೇ ಗಾಳಿ ತಾಗಿದರೆ ಮುಗ್ಗಲು ವಾಸನೆ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ಫ್ರಿಜ್? ದಿನಾ ಬಳಸುವ ಡಬ್ಬಿಗೆ ಬೇಡವೇ ಬೇಡ. ತಣ್ಣಗಿನ ಡಬ್ಬಿ ಹೊರಗೆ ತೆಗೆದು ಮುಚ್ಚಳ ತೆರೆದರೆ ಹೊರಗಿನ ಗಾಳಿಯ ತೇವ ಪುಡಿಯ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಮೇಲಾಗಿ ನಮ್ಮ ಫ್ರಿಜ್ಜಿನಲ್ಲಿ ಮಲ್ಲಿಗೆ ಮೊಗ್ಗು, ಅರ್ಧ ಈರುಳ್ಳಿ, ದೋಸೆ ಹಿಟ್ಟು ಎಲ್ಲ ಒಟ್ಟಿಗೆ ವಾಸ.

ಫ್ರೀಜರ್ ಮಾತು ಬೇರೆ. ತಮ್ಮ ಅಮೆರಿಕದಲ್ಲಿದ್ದಾನೆ, ಬಂದಾಗಲೆಲ್ಲ ಸೂಟ್‌ಕೇಸಿನ ಒಂದು ಮೂಲೆ ಕಾಫಿಗೇ ಮೀಸಲು. ಅವನಿಗೆ ಪುಡಿ ಕೊಡುವುದನ್ನು ಬಿಟ್ಟು ಹುರಿದ ಬೀಜವನ್ನೇ ಕಟ್ಟಿಸಿಕೊಡುತ್ತೇನೆ. ಅವನು ವಾರಕ್ಕೊಂದರಂತೆ ಸಣ್ಣ ಸಣ್ಣ ಪೊಟ್ಟಣ ಮಾಡಿ, ಗಾಳಿಯಾಡದಂತೆ ಮುಚ್ಚಿ ಫ್ರೀಜರಿನಲ್ಲಿ ಇಡುತ್ತಾನೆ. ಒಂದೊಂದೇ ಹೊರಗೆ ತೆಗೆದು, ರಾತ್ರಿಯಿಡೀ ಹಾಗೇ ಬಿಟ್ಟು, ತಣ್ಣಗಿನದು ಪೂರಾ ಹೋದ ಮೇಲೆ ಬಾಯಿ ಬಿಚ್ಚುತ್ತಾನೆ. ಬಿಚ್ಚಿದ್ದನ್ನು ಮತ್ತೆ ಫ್ರೀಜರಿಗೆ ಹಾಕುವುದಿಲ್ಲ. ತಿಂಗಳುಗಳ ನಂತರವೂ ಕುಡಿಯುವ ಹಾಗಿರುತ್ತದೆ.

ಪುಡಿ ತಾಜಾ ಇದೆಯೋ ಇಲ್ಲವೋ ಎಂದು ಫಿಲ್ಟರೇ ಹೇಳುತ್ತದೆ. ಪುಡಿ ಹಾಕಿ, ಒತ್ತು ತಟ್ಟೆ ಇಡುವ ಮೊದಲು, ಕುದಿದ ನೀರನ್ನು ಎರಡು ಮೂರು ಚಮಚ ಮಾತ್ರ ಸುತ್ತಲೂ ಬಿಡುತ್ತೇನೆ. ಹೊಸ ಪುಡಿಯಾದರೆ ನಡುವೆ ಉಬ್ಬುತ್ತದೆ. ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಮೇಲೆ ಕಂದು ನೊರೆ ಕಟ್ಟುತ್ತದೆ, ಕಿವಿ ಹತ್ತಿರ ತಂದರೆ ಸಣ್ಣಗೆ ಚಿಟಿಚಿಟಿ ಕೇಳಿಸುತ್ತದೆ. ಅದು ಒಳಗಿದ್ದ ಗ್ಯಾಸ್ ಹೊರಗೆ ಬರುವ ಸದ್ದು. ಅರ್ಧ ನಿಮಿಷ ಬಿಟ್ಟು ತಟ್ಟೆ ಇಟ್ಟು ಉಳಿದ ನೀರು ಹಾಕುತ್ತೇನೆ. ಹಳೆಯ ಪುಡಿ ಸುಮ್ನೆ ಒದ್ದೆಯಾಗಿ ಕೆಸರಿನ ಹಾಗೆ ಕೂತುಬಿಡುತ್ತದೆ. ಎಂಟನೇ ಒಂಬತ್ತನೇ ದಿನಕ್ಕೆ ನಮ್ಮ ಪುಡಿಯ ಉಬ್ಬೂ ಇಳಿದಿರುತ್ತದೆ. ಅಂಗಡಿಗೆ ಹೋಗಲು ಅದೇ ಗುರುತು.

ಫಿಲ್ಟರಿನ ಕೊಳೆಯೂ ರುಚಿ ಕೆಡಿಸುತ್ತದೆ. ತೂತುಗಳಲ್ಲಿ ಕೂತ ಎಣ್ಣೆ ಕಮಟಾಗಿ, ಎಷ್ಟು ಒಳ್ಳೆಯ ಪುಡಿ ಹಾಕಿದರೂ ಹಳಸಲು ರುಚಿ ಬರುತ್ತದೆ. ದಿನಾ ತೊಳೆಯುವುದಲ್ಲದೆ, ಆಗಾಗ ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ಕಾಯಿಸುತ್ತೇನೆ. ತೂತಿನ ಗಸಿಯೆಲ್ಲ ಸುಟ್ಟು ಉದುರುತ್ತದೆ. ಆರಿದ ಮೇಲೆ ಬೆಳಕಿಗೆ ಹಿಡಿದರೆ ಎಲ್ಲಾ ತೂತೂ ಕಾಣಬೇಕು.

ರಾತ್ರಿಯೇ ಡಿಕಾಕ್ಷನ್ ಹಾಕಿಡುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ, ಬೆಳಿಗ್ಗೆಯ ಗಡಿಬಿಡಿ ನನಗೂ ಗೊತ್ತು. ನಾನು ಬೆಳಿಗ್ಗೆ ಎದ್ದ ಕೂಡಲೇ ಹಾಕುತ್ತೇನೆ, ಹಲ್ಲುಜ್ಜಿ ಪೇಪರ್ ಓದುವಷ್ಟರಲ್ಲಿ ಇಳಿದಿರುತ್ತದೆ. ಸಂಜೆಯದ್ದನ್ನು ಸಣ್ಣ ಮುಚ್ಚಳದ ಪಾತ್ರೆಯಲ್ಲಿ ಫ್ರಿಜ್ಜಿಗೆ ಹಾಕುತ್ತೇನೆ. ಅದನ್ನು ಒಲೆಯ ಮೇಲೆ ಕುದಿಸಬಾರದು, ಕುದಿಸಿದರೆ ಬರೀ ಕಹಿ. ಪಾತ್ರೆಯನ್ನು ಬಿಸಿನೀರಿನಲ್ಲಿ ಐದು ನಿಮಿಷ ಕೂರಿಸಿ, ಹಾಲನ್ನು ಚೆನ್ನಾಗಿ ಉಕ್ಕಿಸಿ ಬೆರೆಸಿದರೆ ಆಯಿತು. ಮಾರನೇ ದಿನಕ್ಕೆ ಅದನ್ನು ಉಳಿಸುವುದಿಲ್ಲ.

ಊರಿಗೆ ಹೋಗಿ ಬರುವಷ್ಟರಲ್ಲಿ ಪುಡಿ ಹಳತಾಗಿದ್ದರೆ ಅದನ್ನು ಹೊಸದಕ್ಕೆ ಬೆರೆಸುವುದಿಲ್ಲ. ಮನೆಯವರು ಅದರ ಡಿಕಾಕ್ಷನ್‌ಗೆ ಸಕ್ಕರೆ, ಐಸ್, ಹಾಲು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಕೋಲ್ಡ್ ಕಾಫಿ ಮಾಡಿಕೊಳ್ಳುತ್ತಾರೆ. ಆ ಸಕ್ಕರೆಯಲ್ಲಿ ಯಾರಿಗೂ ಏನೂ ಗೊತ್ತಾಗುವುದಿಲ್ಲ.