ಮುಖವಾಡದ ಖಳ ಯಾರು? ವಹಿ ಇಟ್ಟು ಹುಡುಕಿದ ನನ್ನ ಅನುಭವ

ಸೂಪರ್‌ಹೀರೋ ಧಾರಾವಾಹಿಯಲ್ಲಿ ಮುಖವಾಡದ ಖಳ ಕಾಣಿಸಿಕೊಂಡ ಕೂಡಲೇ ಬಹಳ ಮಂದಿ ಓಡುವುದು ಕಾಮಿಕ್ಸ್ ಕಡೆಗೆ. ಕಾಮಿಕ್ಸ್‌ನಲ್ಲಿ ಅವನ ನಿಜವಾದ ಹೆಸರೇನು, ಆ ಹೆಸರಿನವರು ಧಾರಾವಾಹಿಯಲ್ಲಿ ಯಾರಿದ್ದಾರೆ ಎಂದು ನೋಡಿದರೆ ಕಳ್ಳ ಸಿಕ್ಕಂತೆಯೇ ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಕಾಮಿಕ್ಸ್ ಓದಿದವರು ನೋಡುತ್ತಿರುತ್ತಾರೆ ಎಂಬುದು ಬರೆಯುವವರಿಗೂ ಗೊತ್ತು, ಅವರು ಬಲೆ ಹಾಕುವುದೇ ಅಲ್ಲಿ. ನಾನು ನೋಡುವುದು ನಟನನ್ನು, ಅವನಿಗೆ ಕೊಟ್ಟ ಕೆಲಸವನ್ನು. ಇದನ್ನು ನನಗೆ ಕಲಿಸಿದವರು ನಮ್ಮ ಕಾಕಾ.

ಕಾಕಾ ಇಂಗ್ಲಿಷ್ ಧಾರಾವಾಹಿ ನೋಡುವವರಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ವರ್ಷಾ ಹೋಗಿ, ಅಲ್ಲಿ ಬೀಡುಬಿಟ್ಟ ನಾಟಕ ಕಂಪನಿಗಳ ಟೆಂಟಿನಲ್ಲಿ ರಾತ್ರಿಯಿಡೀ ಕೂತು, ಬೆಳಗಿನ ಬಸ್ಸಿಗೆ ಬಾಗಲಕೋಟೆಗೆ ಮರಳುವವರು. 2015ರ ಕೊನೆಯ ಹೊತ್ತಿಗೆ ನವನಗರದ ನಮ್ಮ ಮನೆಯಲ್ಲಿ ಗೆಳೆಯರೆಲ್ಲ ಸೇರಿ ‘ದಿ ಫ್ಲ್ಯಾಶ್’ ಎರಡನೇ ಸೀಸನ್ ನೋಡುತ್ತಿದ್ದೆವು. ಝೂಮ್ ಎಂಬ ಕರಿ ಮುಖವಾಡದವನು, ಮಿಂಚಿನ ವೇಗದಲ್ಲಿ ಓಡುವ ನಾಯಕ ಬ್ಯಾರಿಯ, ಅಂದರೆ ಫ್ಲ್ಯಾಶ್‌ನ, ಬೆನ್ನು ಮುರಿದು ಊರೆಲ್ಲ ಎಳೆದಾಡಿದ್ದ. ಜೇ ಗ್ಯಾರಿಕ್ ಎಂಬ ಇನ್ನೊಂದು ಭೂಮಿಯ ಫ್ಲ್ಯಾಶ್ ತನ್ನ ಶಕ್ತಿ ಹೋಗಿದೆ ಎಂದು ಹೇಳಿಕೊಂಡು ಲ್ಯಾಬಿನಲ್ಲಿ ಸಲಹೆ ಕೊಡುತ್ತ ನಿಂತಿರುತ್ತಿದ್ದ. ಕಾಕಾ ಚಹಾ ಕುಡಿಯುತ್ತ ಕೇಳಿದರು:

“ಈ ಎತ್ತರದಾಂವ ಯಾರಲೇ ತಮ್ಮಾ?”

“ಒಳ್ಳೇಂವ ರೀ ಕಾಕಾ. ಶಕ್ತಿ ಹೋಗೈತಿ ಅವಂದು.”

“ಶಕ್ತಿ ಇಲ್ಲಂದ್ರ ಇಂಥಾ ಮೈಕಟ್ಟಿನ ನಟನ್ನ ಯಾಕ ಕರಕೊಂಡ ಬಂದಾರ? ಗ್ವಾಡಿಗೆ ಆನಿಸಿ ನಿಂದ್ರಸಾಕ? ಪಗಾರ ಕೊಟ್ಟ ನಟನ್ನ ಮಾಲಕ ಸುಮ್ನ ಕುಂದ್ರಸಂಗಿಲ್ಲ.”

2016ರ ಫೆಬ್ರುವರಿಯಲ್ಲಿ ಝೂಮ್ ಮುಖವಾಡ ತೆಗೆದ. ಒಳಗಿದ್ದದ್ದು ಆ ಎತ್ತರದವನೇ. ಅವನ ನಿಜವಾದ ಹೆಸರು ಹಂಟರ್ ಝೊಲೊಮನ್. ಕಾಕಾ ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಅವರಿಗೆ ಅದು ದೊಡ್ಡ ಸುದ್ದಿಯೇ ಆಗಿರಲಿಲ್ಲ.

ಅಂದಿನಿಂದ ನಾನು ಒಂದು ವಹಿ ಇಟ್ಟೆ. ಒಂದೊಂದು ಪಾತ್ರಕ್ಕೆ ಒಂದೊಂದು ಪುಟ. ಈ ಪಾತ್ರ ಇಲ್ಲದಿದ್ದರೆ ಈ ವಾರದ ಕಥೆಯಲ್ಲಿ ಏನು ಕಡಿಮೆಯಾಗುತ್ತಿತ್ತು ಎಂದು ಪುಟದ ತಲೆಗೆ ಬರೆಯುತ್ತೇನೆ. ವಾರ ವಾರ ‘ಏನಿಲ್ಲ’ ಎಂದೇ ಬರೆಯಬೇಕಾಗಿ ಬಂದು, ಆದರೂ ಆ ನಟನ ಹೆಸರು ಶೀರ್ಷಿಕೆಯಲ್ಲಿ ಬರುತ್ತಲೇ ಇದ್ದರೆ ಪುಟದ ಮೂಲೆಗೆ ಕೆಂಪು ಗೆರೆ. ಮೂರನೇ ಸೀಸನ್‌ನಲ್ಲಿ ಇದು ನೆಟ್ಟಗೆ ಕೆಲಸ ಮಾಡಿತು. ಹ್ಯಾರಿ ಪಾಟರ್ ಸಿನಿಮಾಗಳ ಡ್ರ್ಯಾಕೋ ಮಾಲ್ಫಾಯ್ ಆಗಿ ಜಗತ್ತಿಗೆಲ್ಲ ಗೊತ್ತಿರುವ ಟಾಮ್ ಫೆಲ್ಟನ್‌ನನ್ನು ಕರೆತಂದು, ಬ್ಯಾರಿಯ ಪಕ್ಕದ ಮೇಜಿನಲ್ಲಿ ಸಿಡುಕುತ್ತ ಕೂರುವ ಜೂಲಿಯನ್ ಮಾಡಿದ್ದರು. ಬರೀ ಸಿಡುಕುವುದಕ್ಕೆ ಅವನೇ ಬೇಕೆ? ಆಲ್ಕೆಮಿ ಎಂಬ ಖಳನ ಮುಖವಾಡದ ಹಿಂದೆ ಅವನೇ ಇದ್ದ.

ದನಿಯ ಪುಟ ಬೇರೆ. ಝೂಮ್‌ನ ದನಿ ಟೋನಿ ಟಾಡ್ ಎಂಬ ನಟನದು, ಮೂರನೇ ಸೀಸನ್‌ನ ಇನ್ನೊಬ್ಬ ಖಳ ಸಾವಿಟಾರ್‌ನ ದನಿ ಟೋಬಿನ್ ಬೆಲ್‌ನದು. ಇಬ್ಬರೂ ಭಯಾನಕ ಸಿನಿಮಾಗಳಿಂದ ಹೆಸರಾದವರು. ನೋಡುಗರು ಆ ದನಿ ಹಿಡಿದು ಆ ನಟರನ್ನೇ ಹುಡುಕಲು ಹೊರಡುತ್ತಾರೆ. ನಾನು ಅದನ್ನು ತಿರುಗಿಸಿ ಓದುತ್ತೇನೆ: ಬಾಡಿಗೆ ದನಿ ತಂದಿದ್ದಾರೆ ಎಂದರೆ ಒಳಗಿರುವವನ ಸ್ವಂತ ದನಿ ನಮಗೆ ಆಗಲೇ ಪರಿಚಯ. ಹೊಸಬನಾಗಿದ್ದರೆ ದನಿ ಮರೆಸುವ ಖರ್ಚೇಕೆ?

ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ‘ಕೂಡಿ ಕಂಡದ್ದು’ ಎಂಬ ಅಂಕಣದ ಮೇಲೆ. ನಮ್ಮ ಗುಂಪಿನಲ್ಲಿ ಕಾನೂನು ಓದಿದ ಗೆಳೆಯನೊಬ್ಬನಿದ್ದಾನೆ. ಖಳ ಮತ್ತು ಶಂಕಿತ ಇಬ್ಬರೂ ಒಂದೇ ದೃಶ್ಯದಲ್ಲಿ ಕಂಡರೆ ಶಂಕಿತನ ಹೆಸರು ಹೊಡೆದುಹಾಕಬೇಕು ಎಂಬುದು ಅವನ ಹಟ. ಪತ್ತೇದಾರಿ ಕಥೆಗೆ ಅದು ಸರಿಯೇ. ಆದರೆ ಬೆಳಕಿಗಿಂತ ವೇಗವಾಗಿ ಓಡುವವರ, ಕಾಲದಲ್ಲಿ ಹಿಂದೆ ಮುಂದೆ ಹೋಗುವವರ ಕಥೆಗೆ?

ಮೊದಲ ಸೀಸನ್ ತೆಗೆದುಕೊಳ್ಳಿ. 2014ರ ಡಿಸೆಂಬರ್‌ನಲ್ಲಿ ಬಂದ ಒಂಬತ್ತನೇ ಕಂತಿನಲ್ಲಿ ಹಳದಿ ಉಡುಪಿನ ರಿವರ್ಸ್ ಫ್ಲ್ಯಾಶ್, ಬ್ಯಾರಿಯ ಗುರುವಿನಂತಿದ್ದ ಗಾಲಿಕುರ್ಚಿಯ ವಿಜ್ಞಾನಿ ಹ್ಯಾರಿಸನ್ ವೆಲ್ಸ್‌ನನ್ನು ಎಲ್ಲರ ಎದುರಿಗೆ ಹಿಗ್ಗಾಮುಗ್ಗಾ ಹೊಡೆಯುತ್ತಾನೆ. ಅದೇ ಕಂತಿನ ಕೊನೆಗೆ ವೆಲ್ಸ್ ಗುಪ್ತ ಕೋಣೆಯೊಳಗೆ ನಡೆದು ಹೋಗುತ್ತಾನೆ, ಅಲ್ಲಿ ಅದೇ ಹಳದಿ ಉಡುಪು. ತನ್ನನ್ನು ತಾನೇ ಹೊಡೆದುಕೊಂಡಿದ್ದ. ಅದು ಅತಿವೇಗದಲ್ಲಿ ಉಳಿಯುವ ಬಿಂಬ ಎಂದು ಆಮೇಲೆ ಅವನೇ ಲ್ಯಾಬಿನ ಹುಡುಗ ಸಿಸ್ಕೋಗೆ ವಿವರಿಸುತ್ತಾನೆ, ತನ್ನ ನಿಜವಾದ ಹೆಸರು ಇಯೊಬಾರ್ಡ್ ಥಾನ್ ಎಂಬುದನ್ನೂ ಒಪ್ಪಿಕೊಳ್ಳುತ್ತಾನೆ. ಇತ್ತ ಕಾಮಿಕ್ಸ್ ಓದಿದವರು ಪೊಲೀಸ್ ಎಡ್ಡಿಯ ಅಡ್ಡಹೆಸರು ಥಾನ್ ಎಂಬ ಒಂದೇ ಕಾರಣಕ್ಕೆ ಅವನ ಬೆನ್ನು ಹತ್ತಿದ್ದರು. ಪಾಪದ ಎಡ್ಡಿ ಆ ಖಳನ ಪೂರ್ವಜ ಅಷ್ಟೇ. ಸೀಸನ್ ಕೊನೆಗೆ ಆ ವಂಶವೇ ಹುಟ್ಟದಿರಲಿ ಎಂದು ತನಗೆ ತಾನೇ ಗುಂಡು ಹೊಡೆದುಕೊಳ್ಳುತ್ತಾನೆ.

ಎರಡನೇ ಸೀಸನ್‌ನಲ್ಲಿ ಇದನ್ನೇ ಇನ್ನೂ ಜೋರಾಗಿ ಮಾಡಿದರು. ಝೂಮ್ ಹಿಂದಿನಿಂದ ಬಂದು ಜೇಯ ಎದೆ ಸೀಳಿ ಅವನನ್ನು ಎಳೆದೊಯ್ಯುತ್ತಾನೆ. ಕಾನೂನು ಗೆಳೆಯ ವಹಿಯಲ್ಲಿ ಜೇಯ ಪುಟಕ್ಕೆ ಅಡ್ಡಗೆರೆ ಎಳೆದೇಬಿಟ್ಟ. ಮುಂದಿನ ವಾರವೇ ಮುಖವಾಡ ಬಿತ್ತು. ಸತ್ತದ್ದು ಅವನದೇ ಒಂದು ಪ್ರತಿ, ಕಾಲದಲ್ಲಿ ಹಿಂದೆ ಓಡಿ ಕರೆತಂದ ತನ್ನನ್ನೇ ಅವನು ಕೊಂದಿದ್ದ. ಹಾಗಾಗಿ ಈಗ ಆ ಅಂಕಣವನ್ನು ನಾನು ಉಲ್ಟಾ ತುಂಬುತ್ತೇನೆ. ಇಬ್ಬರೂ ಬೇರೆ ಬೇರೆ ಎಂದು ತೋರಿಸಲು ಕಥೆ ಎಷ್ಟು ಕಷ್ಟಪಡುತ್ತಿದೆ ಎಂದು ನೋಡುತ್ತೇನೆ. ಕೇಳದೆಯೇ ಕೊಟ್ಟ ಸಾಕ್ಷಿ ಎಂದರೆ ನನಗೆ ಅನುಮಾನ.

ಅದೇ ಹೊತ್ತಿಗೆ ಝೂಮ್‌ನ ಗವಿಯಲ್ಲಿ ಕಬ್ಬಿಣದ ಮುಖವಾಡ ಹಾಕಿಸಿಕೊಂಡ ಕೈದಿಯೊಬ್ಬ ಕಾಣಿಸಿಕೊಂಡ. ಮಾತಾಡಲಾಗದೆ ಗಾಜನ್ನು ಬೆರಳಿನಿಂದ ಕುಟ್ಟುತ್ತಿದ್ದ. ಅದು ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೆರೆಯಾಳುಗಳು ಜೈಲಿನ ಗೋಡೆ ಕುಟ್ಟಿ ಮಾತಾಡುತ್ತಿದ್ದ ಸಂಕೇತ. ಕಂತು ಮುಗಿದ ಮೇಲೆ ನಾವು ಹಾಳೆಯಲ್ಲಿ ಚೌಕ ಬರೆದೆವು: ಐದು ಸಾಲು, ಸಾಲಿಗೆ ಐದು ಮನೆ, ಇಂಗ್ಲಿಷಿನ ‘ಕೆ’ ಅಕ್ಷರವನ್ನು ‘ಸಿ’ ಮನೆಗೆ ಸೇರಿಸಿ ಒಟ್ಟು 25. ಮೊದಲು ಸಾಲಿನ ಸಂಖ್ಯೆ ಕುಟ್ಟಬೇಕು, ತುಸು ತಡೆದು ಮನೆಯ ಸಂಖ್ಯೆ ಕುಟ್ಟಬೇಕು. ‘ಜೆ’ ಎಂದರೆ ಎರಡು, ಐದು. ‘ಎ’ ಎಂದರೆ ಒಂದು, ಒಂದು. ‘ವೈ’ ಎಂದರೆ ಐದು, ನಾಲ್ಕು. ಸ್ಟೀಲ್ ಡಬ್ಬಿಯ ಮೇಲೆ ಚಮಚದಿಂದ ಕುಟ್ಟಿ ನೋಡಿದೆವು, ಮೂರು ಅಕ್ಷರಕ್ಕೇ ಬೆರಳು ಸಾಕುಸಾಕಾಗುತ್ತದೆ. ‘ಜೇ’ ಎಂದು ಕುಟ್ಟಲು ಇಷ್ಟು ಪಾಡುಪಡುವವನು ಯಾರನ್ನೋ ಕರೆಯುತ್ತಿದ್ದಾನೋ, ತನ್ನ ಹೆಸರು ಹೇಳುತ್ತಿದ್ದಾನೋ? ವಹಿಯಲ್ಲಿ ಅರ್ಧ ಗುಂಪು ಒಂದು ಬರೆಯಿತು, ಅರ್ಧ ಇನ್ನೊಂದು.

ಅದನ್ನು ಬಿಡಿಸಿದ್ದು ಒಂದು ಅಡ್ಡಹೆಸರು. ಬ್ಯಾರಿಯ ತಂದೆ ಹೆನ್ರಿ, ತನ್ನ ತಾಯಿಯ ತವರಿನ ಅಡ್ಡಹೆಸರು ಗ್ಯಾರಿಕ್ ಎಂದು ಮಾತಿನ ನಡುವೆ ಹೇಳುತ್ತಾನೆ. ನಮ್ಮ ಕಡೆ ಹೊಸಬರು ಸಿಕ್ಕರೆ ಊರು ಕೇಳಿದ ಮರುಕ್ಷಣ ಅಡ್ಡಹೆಸರು ಕೇಳುವ ಮಂದಿ ನಾವು, ಅದು ಕಿವಿಗೆ ಬೀಳದೆ ಇದ್ದೀತೇ? ಹೆನ್ರಿಯ ಪಾತ್ರ ಮಾಡಿದ ಜಾನ್ ವೆಸ್ಲಿ ಶಿಪ್ 1990ರ ಹಳೆಯ ಧಾರಾವಾಹಿಯಲ್ಲಿ ತಾನೇ ಫ್ಲ್ಯಾಶ್ ಆಗಿದ್ದವನು. ಅಂಥವನನ್ನು ಬರೀ ತಂದೆಯ ಪಾತ್ರದಲ್ಲಿ ಇಟ್ಟು ಸಾಯಿಸುತ್ತಾರೆಯೇ? ಕಾಕಾನ ಮಾತು ಮತ್ತೆ ನೆನಪಾಯಿತು. 2016ರ ಮೇ ತಿಂಗಳ ಕೊನೆಯ ಕಂತಿನಲ್ಲಿ ಕಬ್ಬಿಣದ ಮುಖವಾಡ ಕಳಚಿದಾಗ ಒಳಗಿದ್ದದ್ದು ಅದೇ ಮುಖ, ನಿಜವಾದ ಜೇ ಗ್ಯಾರಿಕ್.

ಸಾವಿಟಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಹೆಸರು ಕೇಳಿ ಅವ್ವ “ಸವಿತೃ ಅಂದ್ರ ಸೂರ್ಯ ಅಲ್ಲೇನೋ” ಅಂದಿದ್ದೇ ತಡ, ಗುಂಪಿನ ಕಿರಿಯ ಹುಡುಗನೊಬ್ಬ ಸೂರ್ಯಶಕ್ತಿಯ ಬಗ್ಗೆ ಪುಟಗಟ್ಟಲೆ ಬರೆದ. ಖಳ ಭವಿಷ್ಯದಿಂದ ಬಂದ ಬ್ಯಾರಿಯೇ ಆಗಿದ್ದ. ಆ ಹುಡುಗನ ಬರಹವನ್ನು ಇನ್ನೂ ವಹಿಯಲ್ಲೇ ಇಟ್ಟಿದ್ದೇನೆ, ಓದಲು ಚೆನ್ನಾಗಿದೆ.

ಕಾಮಿಕ್ಸ್ ಬಲೆ ಎಂದೆನಲ್ಲ, ಅದಕ್ಕೆ ‘ಆ್ಯರೋ’ ಧಾರಾವಾಹಿಯ ಐದನೇ ಸೀಸನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪ್ರೊಮಿಥಿಯಸ್ ಎಂಬ ಖಳ ಯಾರು ಎಂಬ ಪ್ರಶ್ನೆ. ಸರ್ಕಾರಿ ವಕೀಲ ಏಡ್ರಿಯನ್ ಚೇಸ್ ಕಾಮಿಕ್ಸ್‌ನಲ್ಲಿ ವಿಜಿಲಾಂಟೆ ಎಂಬ ವೇಷಧಾರಿ. ಧಾರಾವಾಹಿಯಲ್ಲೂ ವಿಜಿಲಾಂಟೆ ಬಂದಿದ್ದ. ಎರಡಕ್ಕೆ ಎರಡು ಕೂಡಿಸಿ ಕಾಮಿಕ್ಸ್ ಬಲ್ಲವರೆಲ್ಲ ಚೇಸ್‌ನನ್ನು ಶಂಕಿತರ ಪಟ್ಟಿಯಿಂದ ತೆಗೆದರು. 2017ರ ಮಾರ್ಚ್‌ನಲ್ಲಿ ಅವನೇ ಪ್ರೊಮಿಥಿಯಸ್ ಎಂದಾಯಿತು. ಕಾಮಿಕ್ಸ್ ಮುಟ್ಟದ ನನ್ನ ತಂಗಿಗೆ ಅವನ ಮೇಲೆ ಮೊದಲಿನಿಂದಲೂ ಕಣ್ಣಿತ್ತು. ಅಕಿ ಕೇಳಿದ್ದು ಇಷ್ಟೇ: “ವಕೀಲಗ ಇಷ್ಟ ಸಿಟ್ಟ ಯಾಕ?”

ಕಾಕಾನ ಸೂತ್ರಕ್ಕೂ ಮಿತಿ ಇದೆ. 2021ರ ಜನವರಿಯಿಂದ ಮಾರ್ಚ್‌ವರೆಗೆ ‘ವಾಂಡಾವಿಷನ್’ ಬಂದಾಗ ಶುಕ್ರವಾರ ಮಧ್ಯಾಹ್ನ ಒಂದೂವರೆಗೆ ನಮ್ಮ ಮನೆಯಲ್ಲಿ ಊಟ ಬೇಗ ಮುಗಿಯುತ್ತಿತ್ತು. ನೆರೆಮನೆಯ ಆಗ್ನೆಸ್ ಆಗಿದ್ದ ಕ್ಯಾಥರಿನ್ ಹಾನ್ ವಾರ ವಾರ ಬಂದು ನಗಿಸಿ ಹೋಗುತ್ತಿದ್ದಳು. ಪುಟದ ಮೂಲೆಗೆ ಕೆಂಪು ಗೆರೆ ಬಿತ್ತು. ನಾಲ್ಕನೇ ಕಂತಿನಲ್ಲಿ, ಮಾಟಕ್ಕೆ ಸಿಕ್ಕ ಆ ಊರನ್ನು ಹೊರಗಿನಿಂದ ಗಮನಿಸುವ ಅಧಿಕಾರಿಗಳು ಊರಿನವರ ಫೋಟೊ, ಗುರುತಿನ ಚೀಟಿಗಳನ್ನು ಹಲಗೆಗೆ ಅಂಟಿಸುತ್ತಾರೆ. ಆಗ್ನೆಸ್‌ಳ ಫೋಟೊ ಇದೆ, ಚೀಟಿ ಇಲ್ಲ. ಏಳನೇ ಕಂತಿನಲ್ಲಿ ಅವಳು ಮಾಟಗಾತಿ ಅಗಾಥಾ ಹಾರ್ಕ್‌ನೆಸ್ ಎಂದು ಬಯಲಾಯಿತು. ಅಲ್ಲಿಯವರೆಗೆ ಸೂತ್ರ ಸರಿ. ಆದರೆ ಅದೇ ಸೂತ್ರದಿಂದ ಡಾಟಿ ಪಾತ್ರದ ಎಮಾ ಕಾಲ್‌ಫೀಲ್ಡ್ ಮೇಲೂ ಗೆರೆ ಬಿದ್ದಿತ್ತು, ನಾಯಕಿ ವಾಂಡಾಳ ಸಹೋದರ ಪಿಯೆಟ್ರೊ ಆಗಿ ಬಂದ ಎವನ್ ಪೀಟರ್ಸ್ ಮೇಲೂ. ಡಾಟಿ ಬರೀ ಊರಿನ ಹೆಂಗಸು. ಪೀಟರ್ಸ್ ಮಾಡಿದ್ದು ರಾಲ್ಫ್ ಬೋನರ್ ಎಂಬ ಸಾಮಾನ್ಯನ ಪಾತ್ರ. ಎಲ್ಲದರ ಹಿಂದೆ ಮೆಫಿಸ್ಟೊ ಎಂಬ ಸೈತಾನ ಇದ್ದಾನೆಂದು ಜಗತ್ತೇ ಕಾದಿತ್ತು, ಅವನು ಬರಲೇ ಇಲ್ಲ. ನಮ್ಮ ಸೂತ್ರ ಕಂಡುಕೊಂಡ ಧಾರಾವಾಹಿಯವರು ಈಗ ಹೆಸರಾಂತ ನಟರನ್ನು ಬೇಕೆಂದೇ ಸುಮ್ಮನೆ ಕೂಡಿಸುತ್ತಿದ್ದಾರೆ ಎಂದು ನನ್ನ ಗುಮಾನಿ. ಕಾಕಾ ಇದನ್ನು ಒಪ್ಪುವುದಿಲ್ಲ, “ಅಷ್ಟ ರೊಕ್ಕ ಯಾರ ಹತ್ರ ಐತಿ?” ಎನ್ನುತ್ತಾರೆ.

ವಹಿಗೆ ಈಗ ಇರುವ ನಿಯಮ ಇಷ್ಟು. ಊಹೆಯನ್ನು ಪೆನ್ನಿನಲ್ಲೇ ಬರೆಯಬೇಕು, ಕಾರಣದ ಜೊತೆ. ಕಾರಣವಿಲ್ಲದ ಹೆಸರಿಗೆ ಅಂಕವಿಲ್ಲ. ಸೀಸನ್ ಅರ್ಧಕ್ಕೆ ಬಂದ ಮೇಲೆ ಬದಲಿಸುವಂತಿಲ್ಲ. ಯಾವ ನಟ ಎಷ್ಟು ಕಂತಿಗೆ ಸಹಿ ಮಾಡಿದ್ದಾನೆ ಎಂಬ ಸುದ್ದಿ ಓದುವಂತಿಲ್ಲ, ಓದಿದ್ದು ಗೊತ್ತಾದರೆ ಆ ಸೀಸನ್‌ಗೆ ಹೊರಗೆ. ಸೋತವರು ಗಿರ್ಮಿಟ್ ಮಿರ್ಚಿ ಕೊಡಿಸಬೇಕು. ಕಾನೂನು ಗೆಳೆಯ ಮಾತ್ರ ಇನ್ನೂ ‘ಕೂಡಿ ಕಂಡದ್ದು’ ಅಂಕಣವನ್ನು ತನ್ನ ರೀತಿಯಲ್ಲೇ ತುಂಬುತ್ತಾನೆ, ಮಿರ್ಚಿಯನ್ನೂ ಹೆಚ್ಚಾಗಿ ಅವನೇ ತರುತ್ತಾನೆ.